ಹೊಳೆದದ್ದು ಹಾಡಾಗುವ ತನಕ

ಮುಂಬಯಿಯ ದಹಿಸರ್‌ನಲ್ಲಿ ಹಾಡುವವರಿಗೆ ಬರವಿಲ್ಲ. ಉಡುಪಿ, ದಕ್ಷಿಣ ಕನ್ನಡ, ಉತ್ತರ ಕನ್ನಡಗಳಿಂದ ಬಂದು ಇಲ್ಲಿಯೂ ಪಕ್ಕದ ಬೊರಿವಲಿ, ಮೀರಾರೋಡ್‌ಗಳಲ್ಲಿಯೂ ನೆಲೆಸಿದ ಮನೆಗಳಲ್ಲಿ ಭಜನೆಯ ತಾಳವಿದೆ, ಶನಿಗ್ರಂಥ ಪಾರಾಯಣದ ಭಾಗವತಿಕೆಯಿದೆ, ರಾಜ್ಯೋತ್ಸವದ ಸಮೂಹಗಾನವಿದೆ, ಮಕ್ಕಳ ಕರೋಕೆಯಿದೆ. ಬರವಿರುವುದು ಹೊಸ ಹಾಡಿಗೆ. ಹಾಡುತ್ತಿರುವುದರಲ್ಲಿ ಹೆಚ್ಚಿನದು ಊರಿನಿಂದ ತಂದದ್ದು, ಉಳಿದದ್ದು ಸಿನಿಮಾದಿಂದ ಬಂದದ್ದು. ನಾವು ಬದುಕುತ್ತಿರುವ ಈ ಜಾಗದ ಮೇಲೆ, ಇಲ್ಲಿನ ನಮ್ಮ ದಿನಗಳ ಮೇಲೆ ಕಟ್ಟಿದ ಕನ್ನಡ ಹಾಡು ಅಪರೂಪ.

ಕಟ್ಟುವ ಆಸೆ ಇಲ್ಲವೆಂದಲ್ಲ. ಬಹಳ ಮಂದಿಯ ಮೊಬೈಲ್‌ನಲ್ಲಿ ನಾಲ್ಕು ಸಾಲು ಬರೆದು ನಿಲ್ಲಿಸಿದ ಟಿಪ್ಪಣಿಗಳಿವೆ. ನಿಲ್ಲುವುದಕ್ಕೆ ಪ್ರತಿಭೆಯ ಕೊರತೆ ಕಾರಣ ಎಂದು ನಾನು ನಂಬುವುದಿಲ್ಲ. ಹೊಳೆದದ್ದರ ಮುಂದಿನ ಹೆಜ್ಜೆ ಯಾವುದೆಂದು ಯಾರೂ ಹೇಳಿಕೊಟ್ಟಿಲ್ಲ, ಅಷ್ಟೇ. ಹಾಡು ಕಟ್ಟುವುದು ಕಲಿಯಬಹುದಾದ ಕಸುಬು. ಅದಕ್ಕೆ ಕ್ರಮವಿದೆ, ಎಣಿಕೆಯಿದೆ, ಪರೀಕ್ಷೆಯಿದೆ. ಇಲ್ಲಿ ಒಂದೇ ಒಂದು ಹೊಳಹನ್ನು ಎತ್ತಿಕೊಂಡು, ಅದು ಪಲ್ಲವಿ ಮತ್ತು ಮೂರು ಚರಣಗಳ ಹಾಡಾಗುವ ತನಕ ಹೆಜ್ಜೆ ಹೆಜ್ಜೆಯಾಗಿ ಹೋಗೋಣ. ವಸ್ತು ನಮ್ಮ ಮನೆ ಬಾಗಿಲಿನದೇ: ದಹಿಸರ್ ನದಿ.

ಮೊದಲು ಹಿಡಿಯಬೇಕಾದದ್ದು

ಹೊಳಹು ಎರಡು ರೂಪದಲ್ಲಿ ಬರುತ್ತದೆ. ಒಂದು ಮಾತಾಗಿ, ಇನ್ನೊಂದು ಗುನುಗಾಗಿ. ಎರಡೂ ಬೇಗ ಜಾರಿಹೋಗುತ್ತವೆ. ಮಾತನ್ನು ಬರೆದಿಡಬಹುದು. ಗುನುಗನ್ನು ಬರೆಯಲಾಗದು, ಧ್ವನಿಮುದ್ರಿಸಬೇಕು. ಚರ್ಚ್‌ಗೇಟ್‌ಗೆ ಒಂದು ಗಂಟೆಯ ಲೋಕಲ್ ಪ್ರಯಾಣದಲ್ಲಿ ಬಂದದ್ದನ್ನು ಫೋನಿನ ರೆಕಾರ್ಡರಿಗೆ ಮೆಲ್ಲಗೆ ಹಾಡಿಡಿ. ಗದ್ದಲ ಇದ್ದರೂ ಅಡ್ಡಿಯಿಲ್ಲ, ಅದು ಬೇರೆ ಯಾರಿಗೂ ಕೇಳಿಸುವುದಕ್ಕಲ್ಲ. ಜೊತೆಗೆ ಬಾಯಿಯಲ್ಲೇ ಒಂದು ಮಾತು ಸೇರಿಸಿ: ಇದು ಯಾವುದರ ಬಗ್ಗೆ, ಎಲ್ಲಿ ಕಂಡದ್ದು. ಮೂರು ವಾರ ಕಳೆದು ಕೇಳಿದಾಗ ಬರೀ ಗುನುಗಿನಿಂದ ಏನೂ ನೆನಪಾಗುವುದಿಲ್ಲ.

ನಮ್ಮ ಹೊಳಹನ್ನು ಹೀಗೆ ಬರೆದಿಟ್ಟಿದ್ದೇವೆ ಎಂದುಕೊಳ್ಳಿ: ‘ಸೇತುವೆ ದಾಟುವಾಗ ಮಗು ಮೂಗು ಮುಚ್ಚಿಕೊಳ್ಳುತ್ತದೆ. ತಾಯಿಗೆ ಊರಿನ ಹೊಳೆ ನೆನಪಾಗುತ್ತದೆ. ಈ ನದಿಯೂ ಕಾಡಿನಿಂದ ಬಂದದ್ದು.’ ಇದು ಇನ್ನೂ ಗದ್ಯ. ಆದರೆ ಇದರಲ್ಲಿ ಕಣ್ಣಿಗೆ ಕಾಣುವ ಒಂದು ಕ್ರಿಯೆಯಿದೆ. ‘ಪರಿಸರ ಹಾಳಾಗುತ್ತಿದೆ’ ಎಂದು ಬರೆದಿಟ್ಟಿದ್ದರೆ ಅದರಿಂದ ಭಾಷಣ ಬರುತ್ತಿತ್ತು. ಹೊಳಹು ಹಾಡಾಗಬಲ್ಲದೇ ಎಂದು ತಿಳಿಯಲು ನಾನು ಬಳಸುವ ಒರೆ ಇದು: ಅದರಲ್ಲಿ ಯಾರಾದರೂ ಏನಾದರೂ ಮಾಡುತ್ತಿದ್ದಾರೆಯೇ?

ಮುಂದಿನದು ಸಾಮಗ್ರಿ. ಹಾಡಿಗೆ ಕುಳಿತುಕೊಳ್ಳುವ ಮುನ್ನ ವಸ್ತುವಿನ ಬಗ್ಗೆ ತಿಳಿದುಕೊಳ್ಳಿ. ದಹಿಸರ್ ನದಿ ಹುಟ್ಟುವುದು ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದೊಳಗೆ, 1879ರಲ್ಲಿ ಕಟ್ಟಿ ಮುಗಿಸಿದ ತುಳಸಿ ಕೆರೆಯ ಕೋಡಿಯಿಂದ. ಅಲ್ಲಿಂದ ಶ್ರೀಕೃಷ್ಣ ನಗರ, ದೌಲತ್ ನಗರ, ಕಾಂದರ್‌ಪಾಡಾ, ದಹಿಸರ್ ಗಾವ್‌ಠಾಣ್ ಹಾಯ್ದು, ಸುಮಾರು 12 ಕಿಲೋಮೀಟರ್ ಹರಿದು ಮನೋರಿ ಕೊಲ್ಲಿಗೆ ಸೇರುತ್ತದೆ. ಅದು ಹುಟ್ಟುವ ಕಾಡಿನಲ್ಲಿ ಇಂದಿಗೂ ಚಿರತೆಗಳಿವೆ. ಈ ವಿವರಗಳಲ್ಲಿ ಮೂರು ನೇರವಾಗಿ ಹಾಡಿಗೆ ಬರುತ್ತವೆ: ತುಳಸಿ, ಕೋಡಿ, ಚಿರತೆ. ಕಲ್ಪನೆಗಿಂತ ತಿಳಿವಳಿಕೆಯೇ ಹಾಡಿಗೆ ಹೆಚ್ಚು ಪದ ಕೊಡುತ್ತದೆ.

ಯಾರು, ಯಾರಿಗೆ

ಇದೇ ನದಿಯ ಮೇಲೆ ಈಗಾಗಲೇ ಒಂದು ಹಾಡಿದೆ. 2018ರಲ್ಲಿ ದಹಿಸರ್, ಪೊಯಿಸರ್, ಓಶಿವರಾ, ಮಿಠಿ ನದಿಗಳನ್ನು ಉಳಿಸುವ ಕರೆಯಾಗಿ ‘ಮುಂಬಯಿ ರಿವರ್ ಆಂಥೆಮ್’ ಬಂತು. ಸೋನು ನಿಗಮ್ ಮತ್ತು ಅಮೃತಾ ಫಡ್ನವಿಸ್ ಹಾಡಿದರು. ಅದು ನಗರ ಇಡೀ ನಗರಕ್ಕೆ ಹೇಳುವ ಮಾತು, ಹಾಗಾಗಿ ಅದರ ದನಿ ದೊಡ್ಡದು. ನಮ್ಮ ಹಾಡಿನಲ್ಲಿ ಒಬ್ಬ ತಾಯಿ ಒಬ್ಬ ಮಗಳಿಗೆ ಹೇಳುತ್ತಿದ್ದಾಳೆ. ಇದನ್ನು ಮೊದಲೇ ನಿಶ್ಚಯಿಸಿಕೊಂಡರೆ ಅರ್ಧ ಕೆಲಸ ಹಗುರ. ತಾಯಿ ಅಂಕಿಅಂಶ ಹೇಳುವುದಿಲ್ಲ, ಘೋಷಣೆ ಕೂಗುವುದಿಲ್ಲ, ‘ಜಲರಾಶಿ’ ಎನ್ನುವುದಿಲ್ಲ. ಯಾವ ಪದ ಒಳಗೆ ಬರಬೇಕು, ಯಾವುದು ಹೊರಗೇ ನಿಲ್ಲಬೇಕು ಎಂಬುದನ್ನು ಹೇಳುವವಳ ಬಾಯಿಯೇ ತೀರ್ಮಾನಿಸುತ್ತದೆ.

ದಾಸರ ಪದಗಳಲ್ಲಿ ಇದು ನಿಚ್ಚಳ. ಅಲ್ಲಿ ಒಮ್ಮೆ ಯಶೋದೆ ಕೃಷ್ಣನಿಗೆ ಹೇಳುತ್ತಾಳೆ, ಒಮ್ಮೆ ಗೋಪಿಯರು ಯಶೋದೆಗೆ ದೂರುತ್ತಾರೆ, ಒಮ್ಮೆ ದಾಸರು ತಮ್ಮ ಮನಸ್ಸಿಗೇ ಬುದ್ಧಿ ಹೇಳುತ್ತಾರೆ. ಕೊನೆಯ ಚರಣದಲ್ಲಿ ಅಂಕಿತ ಬಂದಾಗ ಇಷ್ಟು ಹೊತ್ತು ಮಾತಾಡಿದ್ದು ಯಾರೆಂಬುದಕ್ಕೆ ಮುದ್ರೆ ಬೀಳುತ್ತದೆ.

ಮಾತು ಮೊದಲೋ, ಮಟ್ಟು ಮೊದಲೋ

ಎರಡು ದಾರಿಗಳೂ ಸರಿ. ಎರಡರಲ್ಲೂ ದೊಡ್ಡ ಹಾಡುಗಳು ಬಂದಿವೆ.

ಕನ್ನಡದ ಸುಗಮ ಸಂಗೀತದ ದಾರಿ ಮಾತು ಮೊದಲಿನದು. ಕವಿತೆ ಪುಸ್ತಕದಲ್ಲಿರುತ್ತದೆ, ಸಂಯೋಜಕರು ಆಮೇಲೆ ಬರುತ್ತಾರೆ. 1978ರಲ್ಲಿ ಬಂದ ‘ನಿತ್ಯೋತ್ಸವ’ ಕನ್ನಡ ಭಾವಗೀತೆಗಳ ಮೊದಲ ಧ್ವನಿಸುರುಳಿ. ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ್ದರು. ಈ ದಾರಿಯಲ್ಲಿ ಸಂಯೋಜಕನ ಮೊದಲ ಕೆಲಸ ಆಯ್ಕೆ: ಯಾವ ಸಾಲು ಪಲ್ಲವಿಯಾಗಿ ಮರಳಬೇಕು, ಯಾವ ಚರಣ ಬಿಡಬೇಕು. ಕುವೆಂಪು ಅವರ ನಾಡಗೀತೆಯನ್ನು ನೋಡಿ. 2004ರಲ್ಲಿ ಅದು ಅಧಿಕೃತವಾಯಿತು. ಬೇರೆ ಬೇರೆ ಧಾಟಿಗಳಲ್ಲಿ ಹಾಡುತ್ತಿದ್ದುದರಿಂದ ವಿವಾದವೂ ಬೆಳೆಯಿತು. ಕೊನೆಗೆ 2022ರ ಸೆಪ್ಟೆಂಬರ್‌ನಲ್ಲಿ ಸರ್ಕಾರ ಅನಂತಸ್ವಾಮಿಯವರ ಧಾಟಿಯನ್ನು ಒಪ್ಪಿ ಅವಧಿಯನ್ನು 2 ನಿಮಿಷ 30 ಸೆಕೆಂಡಿಗೆ ನಿಗದಿಪಡಿಸಿತು. ಓದುವ ಕವಿತೆಗೆ ಗಡಿಯಾರವಿಲ್ಲ, ನಿಂತು ಹಾಡುವ ಹಾಡಿಗೆ ಇದೆ.

ಸಿನಿಮಾದಲ್ಲಿ ಸಾಮಾನ್ಯವಾಗಿ ಮಟ್ಟು ಮೊದಲು. ಸಂಯೋಜಕ ‘ಲಾಲಲಾ’ ಎಂದೋ ಅರ್ಥವಿಲ್ಲದ ಪದಗಳನ್ನು ಹಾಕಿಯೋ ಹಾಡಿ ಕಳಿಸುತ್ತಾನೆ. ಇದಕ್ಕೆ ಡಮ್ಮಿ ಸಾಹಿತ್ಯ ಎನ್ನುತ್ತಾರೆ. ಗೀತರಚನೆಕಾರ ಆ ಅಚ್ಚಿಗೆ ಮಾತು ತುಂಬುತ್ತಾನೆ. ಎರಡು ದಶಕಕ್ಕೂ ಹೆಚ್ಚು ಕಾಲ ಮುಂಬಯಿಯ ಔಷಧ ಕಂಪನಿಯಲ್ಲಿ ಜೀವರಸಾಯನ ತಜ್ಞರಾಗಿದ್ದ ಜಯಂತ ಕಾಯ್ಕಿಣಿ, 2006ರ ಡಿಸೆಂಬರ್‌ನಲ್ಲಿ ತೆರೆಕಂಡ ‘ಮುಂಗಾರು ಮಳೆ’ಯ ನಂತರ ಕನ್ನಡದ ಮನೆಮಾತಾದದ್ದು ಇಂಥ ಕೆಲಸದಿಂದ. ಅಲ್ಲಿ ಮನೋಮೂರ್ತಿಯವರ ರಾಗಕ್ಕೆ ಅವರು ಬರೆದ ಹಾಡನ್ನು ಹಾಡಿದವರು ಇದೇ ಸೋನು ನಿಗಮ್. ಮುಂಬಯಿಯ ಸಣ್ಣ ಬದುಕುಗಳ ಮೇಲೆ ಕತೆ ಬರೆದ ಕೈ ಅದು. ಸಿದ್ಧ ರಾಗದ ಇಕ್ಕಟ್ಟಿನಲ್ಲೂ ಆಡುಮಾತಿನ ಸಹಜತೆಯನ್ನು ಬಿಟ್ಟುಕೊಡಲಿಲ್ಲ.

ಡಮ್ಮಿ ಪದಗಳು ಕೆಲವೊಮ್ಮೆ ಹಾಡಿನಲ್ಲೇ ಉಳಿದುಬಿಡುತ್ತವೆ. ‘ತೇಜಾಬ್’ (1988) ಚಿತ್ರದ ಎಣಿಕೆಯ ಹಾಡು ಹಾಗೆ ಹುಟ್ಟಿತು. ಸಂಯೋಜಕ ಲಕ್ಷ್ಮೀಕಾಂತ್ ಮಟ್ಟು ತಿಳಿಸಲೆಂದು ಒಂದು, ಎರಡು, ಮೂರು ಎಂದು ಎಣಿಸಿ ಹಾಡಿದ್ದನ್ನು ಜಾವೇದ್ ಅಖ್ತರ್ ಬದಲಿಸದೆ, ಕಾಯುವವಳ ದಿನದೆಣಿಕೆಯನ್ನಾಗಿ ಮಾಡಿದರು. ಕೆಲವೊಮ್ಮೆ ಅವು ಪೂರ್ತಿ ಹೋಗಬೇಕಾಗುತ್ತದೆ. ಬೀಟಲ್ಸ್ ತಂಡದ ಪಾಲ್ ಮ್ಯಾಕಾರ್ಟ್ನಿ ‘ಯೆಸ್ಟರ್‌ಡೇ’ (1965) ಹಾಡಿನ ರಾಗವನ್ನು ಬಹಳ ಕಾಲ ಮೊಟ್ಟೆಯ ತಿಂಡಿಯೊಂದರ ಹೆಸರಿಟ್ಟು ಗುನುಗುತ್ತಿದ್ದರು. ತಾಳಕ್ಕೆ ಕೂರುವ ಮೂರಕ್ಷರದ ಮಾತು ಸಿಕ್ಕ ಮೇಲೆ ಮೊಟ್ಟೆ ಹೋಯಿತು, ರಾಗ ಹಾಗೇ ಉಳಿಯಿತು.

ಇನ್ನೊಂದು ತುದಿಯಲ್ಲಿ ಗುಲ್ಜಾರ್. ‘ಇಜಾಜತ್’ (1987) ಚಿತ್ರಕ್ಕೆ ಅವರು ಪ್ರಾಸವೂ ಇಲ್ಲದ, ಸಾಲುಗಳ ಅಳತೆಯೂ ಒಂದಾಗದ ಒಂದು ಪತ್ರದಂಥ ಕವಿತೆ ತಂದಾಗ, ನಾಳೆ ಪತ್ರಿಕೆಯ ಸುದ್ದಿ ತಂದು ರಾಗ ಹಾಕೆನ್ನುತ್ತೀಯೇನೋ ಎಂಬಂತೆ ಆರ್.ಡಿ. ಬರ್ಮನ್ ಛೇಡಿಸಿದ್ದು ಪ್ರಸಿದ್ಧ. ಆಶಾ ಭೋಸ್ಲೆ ಅದರ ಒಂದು ತುಣುಕನ್ನು ಗುನುಗಿದಾಗ ಬರ್ಮನ್‌ಗೆ ದಾರಿ ಕಂಡಿತು. ಇನ್ನು ಹಂಸಲೇಖ, 1987ರ ‘ಪ್ರೇಮಲೋಕ’ದಲ್ಲಿ ಮಾತು ಮತ್ತು ರಾಗ ಎರಡನ್ನೂ ತಾವೇ ಕಟ್ಟಿದರು. ಹಾಗೆ ಕಟ್ಟುವವನಿಗೆ ಒಂದು ಅನುಕೂಲ ಹೆಚ್ಚು: ಪದ ಕೂರದಿದ್ದರೆ ರಾಗವನ್ನು ತಿದ್ದಬಹುದು, ರಾಗ ಒಗ್ಗದಿದ್ದರೆ ಪದವನ್ನು.

ಹೊಸಬರಿಗೆ ನಾನು ಹೇಳುವುದು ಯಕ್ಷಗಾನದ ದಾರಿ. ಪ್ರಸಂಗಕರ್ತರು ಎಲ್ಲ ಪದ್ಯಕ್ಕೂ ಹೊಸ ಮಟ್ಟು ಹುಡುಕುವುದಿಲ್ಲ. ಬಳಕೆಯಲ್ಲಿರುವ ಮಟ್ಟಿಗೇ ಹೊಸ ಪದ್ಯ ಬರೆಯುತ್ತಾರೆ, ತಲೆಯ ಮೇಲೆ ರಾಗ, ತಾಳ ನಮೂದಿಸುತ್ತಾರೆ. ಭಜನೆಯ ಪುಸ್ತಕಗಳಲ್ಲಿ ‘ಇಂಥ ಹಾಡಿನ ಧಾಟಿ’ ಎಂದು ಬರೆದಿರುವುದೂ ಇದೇ ಪದ್ಧತಿ. ಕೈ ಕೂರಿಸಿಕೊಳ್ಳಲು ಗೊತ್ತಿರುವ ಜಾನಪದ ಧಾಟಿಯೊಂದಕ್ಕೆ ಬರೆಯಿರಿ. ಮಾತು ಗಟ್ಟಿಯಾದ ಮೇಲೆ ಆ ಧಾಟಿಯನ್ನು ಬಿಟ್ಟು ಸ್ವಂತ ರಾಗಕ್ಕೆ ಹೋಗಬಹುದು.

ಎಣಿಕೆ

ಇಲ್ಲಿಂದ ಕಸುಬು ಶುರು. ಕನ್ನಡದ ಹಾಡು ನಡೆಯುವುದು ಮಾತ್ರೆಗಳ ಮೇಲೆ. ನಿಯಮ ಶಾಲೆಯಲ್ಲಿ ಕಲಿತದ್ದೇ: ಹ್ರಸ್ವಾಕ್ಷರಕ್ಕೆ ಒಂದು ಮಾತ್ರೆ, ದೀರ್ಘಕ್ಕೆ ಎರಡು, ಒತ್ತಕ್ಷರದ ಹಿಂದಿನ ಅಕ್ಷರ ಹ್ರಸ್ವವಾಗಿದ್ದರೂ ಎರಡು, ಅನುಸ್ವಾರ, ವಿಸರ್ಗ ಇದ್ದ ಅಕ್ಷರಕ್ಕೂ ಎರಡು. ಲಘು, ಗುರು ಎಂದು ಗೆರೆ ಎಳೆದು ಅಂಕ ಗಳಿಸಿದವರು ಅದನ್ನು ಹಾಡಿಗೆ ಬಳಸಬಹುದೆಂದು ಮರೆತಿರುತ್ತಾರೆ.

ಮಾತ್ರೆಗಳು ಗುಂಪಾಗಿ ನಡೆಯುತ್ತವೆ, ಗುಂಪಿಗೆ ತಕ್ಕ ತಾಳವಿದೆ. ಮೂರು ಮೂರರ ನಡೆಗೆ ತಬಲಾದಲ್ಲಿ ದಾದ್ರಾ, ನಾಲ್ಕರ ನಡೆಗೆ ಕೆಹರ್ವಾ, ಯಕ್ಷಗಾನದಲ್ಲಿ ಏಕತಾಳ. ಐದರ ನಡೆಗೆ ಝಂಪೆ. ಮೂರು–ನಾಲ್ಕರ ಜೋಡಿ ನಡೆಗೆ ತ್ರಿವುಡೆ, ಹಿಂದೂಸ್ತಾನಿಯಲ್ಲಿ ರೂಪಕ್. ಕುಮಾರವ್ಯಾಸನ ಭಾಮಿನಿ ಷಟ್ಪದಿಯ ನಡೆಯೂ ಮೂರು–ನಾಲ್ಕರದೇ. ಸಣ್ಣ ಸಾಲುಗಳಲ್ಲಿ 14 ಮಾತ್ರೆ. ಮೂರನೆಯ, ಆರನೆಯ ಸಾಲುಗಳಲ್ಲಿ 21ರ ಮೇಲೊಂದು ಗುರು ಸೇರಿ 23. ಐದರ ನಡೆಗೆ ಗಾಂಭೀರ್ಯವಿದೆ. ಮೂರರ ನಡೆಯಲ್ಲಿ ತೊಟ್ಟಿಲ ತೂಗಾಟವಿದೆ, ತಾಯಿ ಮಗಳಿಗೆ ಹೇಳುವ ಮಾತಿಗೆ ಅದೇ ಸರಿ.

ನಮ್ಮ ಮೊದಲ ಕರಡು ಸಾಲು ಹೀಗಿತ್ತು: ‘ದಹಿಸರದ ಈ ನದಿಯು ಕೂಡ ಕಾಡಿನಲ್ಲಿ ಹುಟ್ಟಿದೆ.’ ಕತ್ತರಿಸಿ ಎಣಿಸೋಣ.

ದಹಿಸ | ರದ ಈ | ನದಿಯು | ಕೂಡ | ಕಾಡಿ | ನಲ್ಲಿ | ಹುಟ್ಟಿ | ದೆ

ಎರಡನೆಯ ಗುಂಪು ಬಿಟ್ಟರೆ ಎಲ್ಲ ಮೂರೇ. ಅಲ್ಲಿ ನಾಲ್ಕು ಬಂದು ನಾಲಿಗೆ ಎಡವುತ್ತದೆ. ಕೊನೆಯ ‘ದೆ’ ಒಂಟಿಯಾಗಿದ್ದರೂ ತೊಂದರೆಯಿಲ್ಲ, ಸಾಲಿನ ತುದಿಯಲ್ಲಿ ಉಳಿದ ಕಾಲವನ್ನು ದನಿ ತುಂಬಿಕೊಳ್ಳುತ್ತದೆ ಇಲ್ಲವೆ ಉಸಿರು ತುಂಬಿಕೊಳ್ಳುತ್ತದೆ. ಎಣಿಕೆ ಇನ್ನೊಂದು ಗುಟ್ಟನ್ನೂ ತೋರಿಸಿತು: ‘ಕೂಡ’ ಬಂದಿರುವುದು ಮೂರು ಮಾತ್ರೆ ತುಂಬುವುದಕ್ಕೆ. ಭರ್ತಿಯ ಪದ ಕಂಡಲ್ಲೆಲ್ಲ ಸಾಲನ್ನು ಇನ್ನೊಮ್ಮೆ ಕಟ್ಟಬೇಕು. ಊರಿನ ಹೆಸರೂ ಇಲ್ಲಿ ಬೇಕಿಲ್ಲ. ಮಗಳಿಗೆ ತಾನೆಲ್ಲಿದ್ದೇನೆಂದು ಗೊತ್ತು. ಉಳಿದ ತಿರುಳು ಒಂದೇ: ಇದೂ ನದಿ.

ಪಲ್ಲವಿ

ಪಲ್ಲವಿ ಪ್ರತಿ ಚರಣದ ನಂತರ ಮರಳುತ್ತದೆ, ಆದ್ದರಿಂದ ಅದರ ಮೇಲೆ ಎರಡು ಹೊರೆಗಳಿವೆ. ಒಮ್ಮೆ ಕೇಳಿದವನಿಗೆ ನೆನಪಿರಬೇಕು. ಪ್ರತಿ ಸಲ ಮರಳಿದಾಗಲೂ ಹಿಂದಿನ ಚರಣದಿಂದ ಸ್ವಲ್ಪ ಹೊಸ ಅರ್ಥ ಪಡೆಯಬೇಕು. ಇಡೀ ಕತೆಯನ್ನು ಪಲ್ಲವಿಯಲ್ಲೇ ಹೇಳಿಬಿಟ್ಟರೆ ಚರಣಗಳಿಗೆ ಕೆಲಸ ಉಳಿಯುವುದಿಲ್ಲ.

ಇದೂ | ನದಿಯೆ | ಮಗಳೆ | ಕೇಳು
ಕಾಡ | ತೊರೆದು | ಬಂದ | ಬಾಳು

ಪ್ರತಿ ಸಾಲಿಗೆ ನಾಲ್ಕು ಗುಂಪು, 12 ಮಾತ್ರೆ, ದಾದ್ರಾದ ಎರಡು ಸುತ್ತು. ಒಂದೇ ಉಸಿರಿಗೆ ಹಿಡಿಯುವಷ್ಟು. ಪ್ರತಿ ಗುಂಪೂ ಒಂದು ಪದದಿಂದಲೇ ಆರಂಭವಾಗಿದೆ. ಕನ್ನಡದ ಮಾತಿನಲ್ಲಿ ತೂಕ ಪದದ ಮೊದಲಿಗೆ ಬೀಳುತ್ತದೆ. ತಾಳದ ಪೆಟ್ಟೂ ಅಲ್ಲೇ ಬಿದ್ದರೆ ಹಾಡು ಮಾತಿನಂತೆ ಕೇಳುತ್ತದೆ. ‘ಕಾಡ ತೊರೆದು ಬಂದ ಬಾಳು’ ಸದ್ಯಕ್ಕೆ ನದಿಯದು. ಎರಡನೆಯ ಚರಣದ ನಂತರ ಮರಳಿದಾಗ ಅದು ಊರು ಬಿಟ್ಟು ಬಂದ ತಾಯಿಯದೂ ಆಗಬೇಕು. ಚರಣಗಳನ್ನು ಆ ಗುರಿಯಿಟ್ಟು ಬರೆಯಬೇಕು.

ಪ್ರಾಸದ ಮಾತು ಇಲ್ಲೇ ಹೇಳಿಬಿಡುತ್ತೇನೆ. ನಮ್ಮ ಹಳೆಯ ಕಾವ್ಯದಲ್ಲಿ ಪ್ರಾಸ ಸಾಲಿನ ಮೊದಲಲ್ಲಿ, ಎರಡನೆಯ ಅಕ್ಷರದಲ್ಲಿ. ಅದು ಕಟ್ಟುಪಾಡಾಗಿ ಬಿಗಿದಾಗ ಮಂಜೇಶ್ವರದ ಗೋವಿಂದ ಪೈ ಅದನ್ನು ಬಿಟ್ಟು ಬರೆದು ತೋರಿಸಿದರು. ಹಾಡಿಗೆ ಎರಡೂ ಬಗೆ ಬೇಕು. ಸಾಲಿನ ತುದಿಯ ಪ್ರಾಸ, ಇಲ್ಲಿ ಕೇಳು–ಬಾಳು, ಕಿವಿಗೆ ನಿಲ್ದಾಣ ಕೊಡುತ್ತದೆ. ಸಾಲಿನೊಳಗಿನ ಪ್ರಾಸ ನಾಲಿಗೆಗೆ ಓಟ ಕೊಡುತ್ತದೆ. ಆದರೆ ಪ್ರಾಸಕ್ಕಾಗಿ ಅರ್ಥವನ್ನು ತಿರುಚಿದ ಸಾಲು ಎರಡನೆಯ ಸಲ ಕೇಳುವಾಗಲೇ ಸಿಕ್ಕಿಬೀಳುತ್ತದೆ.

ಚರಣಗಳು

ಮೂರು ಚರಣಗಳಿಗೆ ಮೂರು ಬೇರೆ ಕೆಲಸ ಕೊಡಿ. ಮೊದಲನೆಯದು ನದಿಯ ದಾರಿ, ಎರಡನೆಯದು ತಾಯಿಯ ದಾರಿ, ಮೂರನೆಯದು ಮಗಳ ಈ ಹೊತ್ತು. ಒಂದೇ ಭಾವವನ್ನು ಮೂರು ಸಲ ಬೇರೆ ಪದಗಳಲ್ಲಿ ಹೇಳುವುದು ಹೊಸಬರ ಹಾಡು ಸೊರಗುವುದಕ್ಕೆ ಮೊದಲ ಕಾರಣ.

ಮೊದಲ ಚರಣದ ಮೂರನೆಯ ಸಾಲು ಮೊದಲು ಹೀಗೆ ಬಂತು: ‘ಚಿರತೆ ಕುಡಿದು ಉಳಿದ ನೀರು.’ ಕಾಗದದ ಮೇಲೆ ಮೂರು, ಮೂರು, ಮೂರು, ಮೂರು. ಹಾಡಿದಾಗ ಒಂದು ಮಾತ್ರೆ ಕಾಣೆಯಾಯಿತು. ಕನ್ನಡದ ಬಾಯಿ ‘ಕುಡಿದು ಉಳಿದ’ ಎನ್ನುವುದಿಲ್ಲ, ‘ಕುಡಿದುಳಿದ’ ಎನ್ನುತ್ತದೆ. ಆರಿದ್ದದ್ದು ಐದಾಗುತ್ತದೆ. ಪದದ ಕೊನೆಗೆ ಸ್ವರ, ಮುಂದಿನ ಪದದ ಮೊದಲಿಗೂ ಸ್ವರ ಇರುವ ಪ್ರತಿ ಜಾಗದಲ್ಲೂ ಲೋಪಸಂಧಿ ಕಾದಿರುತ್ತದೆ. ‘ಉಳಿದ’ ತೆಗೆದು ‘ಮಿಕ್ಕ’ ಎಂದಾಗ ಎಣಿಕೆ ಗಟ್ಟಿಯಾಯಿತು, ಮಾತೂ ಮನೆಯದಾಯಿತು.

ಮೂರನೆಯ ಚರಣದಲ್ಲಿ ಬೇರೆ ತೊಡಕು. ಕರಡು: ‘ಕಪ್ಪು ಬಣ್ಣ ಕಂಡು ಮುಖವ, ತಿರುಗಿಸದಿರು ಮಗಳೆ ನೀನು.’ ಮಾತ್ರೆ ಸರಿಯಿದೆ. ಆದರೆ ‘ತಿರುಗಿ’ ಒಂದು ಗುಂಪಿಗೆ, ‘ಸದಿರು’ ಇನ್ನೊಂದಕ್ಕೆ ಒಡೆದುಹೋಯಿತು. ತಾಳದ ಪೆಟ್ಟು ‘ಸ’ ಮೇಲೆ ಬಿದ್ದು ಅದೊಂದು ಬೇರೆ ಪದದಂತೆ ಕೇಳಿತು. ‘ಮುಖವ ತಿರುಗಿಸು’ ಪುಸ್ತಕದ ಮಾತೂ ಹೌದು. ಹೊಳಹಿನ ಟಿಪ್ಪಣಿಗೆ ಮರಳಿದರೆ ಅಲ್ಲಿ ಉತ್ತರವಿತ್ತು: ಮಗು ಮೂಗು ಮುಚ್ಚಿಕೊಳ್ಳುತ್ತದೆ. ‘ಮೂಗು | ಮುಚ್ಚ | ಬೇಡ | ಮಗಳೆ.’ ಇಲ್ಲಿಯೂ ‘ಮುಚ್ಚಬೇಡ’ ಎರಡಾಗಿದೆ, ಆದರೆ ಒಡೆದ ಜಾಗದಲ್ಲಿ ‘ಬೇಡ’ ಸ್ವತಂತ್ರ ಪದ, ಪೆಟ್ಟು ಬೀಳಬೇಕಾದದ್ದೂ ಅದರ ಮೇಲೆಯೇ. ಸಾಲು ಸಿಕ್ಕದೆ ಒದ್ದಾಡುವಾಗ ಹೊಸದನ್ನು ಹುಡುಕುವುದಕ್ಕಿಂತ ಮೊದಲ ಟಿಪ್ಪಣಿಯನ್ನು ಮತ್ತೆ ಓದುವುದು ಲಾಭ.

ಈಗ ಪೂರ್ತಿ ಹಾಡು:

ಇದೂ ನದಿಯೆ ಮಗಳೆ ಕೇಳು
ಕಾಡ ತೊರೆದು ಬಂದ ಬಾಳು

ತುಳಸಿ ಕೆರೆಯ ಕೋಡಿ ಹರಿದು
ಕಲ್ಲು ಕಲ್ಲ ದಾಟಿ ನಡೆದು
ಚಿರತೆ ಕುಡಿದು ಮಿಕ್ಕ ನೀರು
ನಮ್ಮ ಬೀದಿ ಸೇರಿದೆ

ನಾನು ಕೂಡ ಹೊಳೆಯ ದಾಟಿ
ಹೆಗಲಿಗೊಂದು ಚೀಲ ಹಾಕಿ
ಬಾಯ ತುಂಬ ತಾಯ ಮಾತು
ಹೊತ್ತು ಬಂದು ಸೇರಿದೆ

ಕಪ್ಪು ಬಣ್ಣ ಕಂಡು ನೀನು
ಮೂಗು ಮುಚ್ಚಬೇಡ ಮಗಳೆ
ಮಳೆಯು ಹಿಡಿದ ರಾತ್ರಿ ತನ್ನ
ಕಾಡ ನೆನೆದು ಹಾಡಿದೆ

ಮೊದಲ ಕರಡಿನಲ್ಲಿ ಭರ್ತಿಗೆ ಬಂದಿದ್ದ ‘ಕೂಡ’ ಎರಡನೆಯ ಚರಣದಲ್ಲಿ ಅರ್ಥಕ್ಕಾಗಿ ಬಂದಿದೆ. ಆ ಒಂದು ಪದ ತೆಗೆದರೆ ತಾಯಿಗೂ ನದಿಗೂ ನಂಟಿಲ್ಲ. ಮೊದಲ ಎರಡು ಚರಣಗಳೂ ‘ಸೇರಿದೆ’ಯಲ್ಲೇ ಮುಗಿಯುತ್ತವೆ. ಮೊದಲನೆಯದು ನದಿ ಬಂದು ಸೇರಿರುವುದು, ಎರಡನೆಯದು ನಾನು ಬಂದು ಸೇರಿದ್ದು. ನಮ್ಮ ವ್ಯಾಕರಣ ತಾನಾಗಿಯೇ ಕೊಟ್ಟ ಜೋಡಣೆ ಇದು. ಹೀಗೆ ಭಾಷೆ ಕೊಡುವುದನ್ನು ಗುರುತಿಸಿ ಇಟ್ಟುಕೊಳ್ಳುವುದೂ ಕಟ್ಟುವವನ ಕೆಲಸ.

ಬಾಯಿ, ಶ್ರುತಿ, ರಾಗ

ಕಾಗದದಲ್ಲಿ ಮುಗಿದ ಹಾಡು ಬಾಯಿಯಲ್ಲಿ ಇನ್ನೊಮ್ಮೆ ಶುರುವಾಗುತ್ತದೆ. ಮೊದಲು ರಾಗವಿಲ್ಲದೆ, ತೊಡೆಯ ಮೇಲೆ ತಾಳ ಹಾಕುತ್ತ ಓದಿ. ಎಲ್ಲಿ ನಾಲಿಗೆ ತಡವರಿಸುತ್ತದೋ ಅಲ್ಲಿ ಗುರುತು ಹಾಕಿ. ಆಮೇಲೆ ಹಾಡಿ.

ರಾಗ ಮೇಲಕ್ಕೆ ಹೋಗುವ ಜಾಗದಲ್ಲಿ ಬಾಯಿ ತೆರೆಯುವ ಸ್ವರಗಳು ಬೇಕು: ಆ, ಏ, ಓ. ತಾರಸ್ಥಾಯಿಯಲ್ಲಿ ‘ಇ’, ‘ಉ’ಗಳನ್ನು ಹಿಡಿದು ನಿಲ್ಲಿಸುವುದು ಪಳಗಿದ ಗಂಟಲಿಗೂ ಕಷ್ಟ. ನಮ್ಮ ಹಾಡಿನಲ್ಲಿ ಏರುವುದಕ್ಕೆ ತಕ್ಕ ಸಾಲು ‘ಬಾಯ ತುಂಬ ತಾಯ ಮಾತು’, ಬಾ, ತಾ, ಮಾ ಮೂರೂ ತೆರೆದ ದೀರ್ಘಗಳು. ಅರ್ಥದಲ್ಲೂ ಹಾಡಿನ ಎತ್ತರ ಅದೇ. ಒತ್ತಕ್ಷರ ತುಂಬಿದ ‘ಕಲ್ಲು ಕಲ್ಲ’ವನ್ನು ಎಳೆಯಬೇಡಿ, ತಟ್ಟಿ ತಟ್ಟಿ ಹೋಗುವ ಸ್ವರ ಕೊಡಿ. ರಾಗವೇ ಮೊದಲಿದ್ದರೆ ಇದೇ ನಿಯಮ ತಿರುಗಿ ಅನ್ವಯಿಸುತ್ತದೆ: ಉದ್ದ ಸ್ವರಕ್ಕೆ ದೀರ್ಘಾಕ್ಷರ, ಚುಟುಕು ಸ್ವರಕ್ಕೆ ಹ್ರಸ್ವ. ‘ನದಿ’ಯನ್ನು ಎಳೆದು ‘ನಾದಿ’ ಎಂದು ಕೇಳಿಸಿದರೆ ತಪ್ಪು ಹಾಡುಗಾರನದಲ್ಲ, ಬರೆದವನದು.

ಶ್ರುತಿಯನ್ನು ಹಾಡುವವರಿಗೆ ತಕ್ಕಂತೆ ಇಡಿ. ಸಮೂಹಗಾನ ಹಾಳಾಗುವುದು ಹೆಚ್ಚಾಗಿ ಶ್ರುತಿ ಏರಿಸಿದ್ದರಿಂದ. ಒಬ್ಬ ಗಾಯಕಿಗೆ ಬಿಳಿ ಐದು ಹಿತವಾಗಿದ್ದರೂ ಅದೇ ಶ್ರುತಿಯಲ್ಲಿ ಗಂಡಸರು, ಮಕ್ಕಳು, ಅಜ್ಜಂದಿರು ಒಟ್ಟಿಗೆ ತಾರಷಡ್ಜ ದಾಟಲಾರರು. ಎಲ್ಲರೂ ಹಾಡಬೇಕಾದ ಪಲ್ಲವಿಯನ್ನು ಮಧ್ಯಸ್ಥಾಯಿಯ ಐದಾರು ಸ್ವರಗಳೊಳಗೆ ಕಟ್ಟಿ, ಏರಿಳಿತವನ್ನು ಚರಣಕ್ಕೆ ಬಿಡಿ, ಅದನ್ನು ಒಬ್ಬರೇ ಹಾಡಲಿ. ಭಜನಾ ಮಂಡಳಿಗಳಲ್ಲಿ ಮುಂದೆ ಹೇಳುವವರು, ಹಿಂದೆ ಹೇಳುವವರು ಎಂಬ ಏರ್ಪಾಡು ಇರುವುದೇ ಇದಕ್ಕೆ. ಮೊದಲ ಮುದ್ರಣಕ್ಕೆ ತಂಬೂರಿ ಆ್ಯಪ್, ಒಂದು ಫೋನು, ಬಾಗಿಲು ಮುಚ್ಚಿದ ಕೋಣೆ ಸಾಕು. ವಾದ್ಯಗಳು ಆಮೇಲೆ. ಬರಿಯ ದನಿ ಮತ್ತು ತಾಳದಲ್ಲಿ ನಿಲ್ಲದ ಹಾಡನ್ನು ಕೀಬೋರ್ಡು ನಿಲ್ಲಿಸಲಾರದು.

ಕತ್ತರಿ

ಈ ಹಾಡಿಗೆ ನಾಲ್ಕನೆಯ ಚರಣವೂ ಇತ್ತು. ಅದರಲ್ಲಿ ಕಸ ಎಸೆಯಬೇಡಿ ಎಂಬ ಬುದ್ಧಿಮಾತು, 2005ರ ಜುಲೈ 26ರ ನೆರೆ, ಕಾಂಕ್ರೀಟಿನ ಗೋಡೆ ಎಲ್ಲ ಬಂದಿದ್ದವು. ಒಂದೊಂದೂ ನಿಜ, ಒಂದೊಂದೂ ಬೇಕಾದ ಮಾತು. ಆದರೆ ಅದನ್ನು ಹೇಳುತ್ತಿದ್ದುದು ತಾಯಿಯಲ್ಲ, ನಾನು. ಅದನ್ನು ತೆಗೆದೆ. ಕತ್ತರಿಸುವಾಗ ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಮೂರು. ಈ ಸಾಲು ಹೇಳುವವಳ ಬಾಯಿಯದೇ? ಇದು ತೆಗೆದರೆ ಕತೆ ಮುರಿಯುತ್ತದೆಯೇ? ಬೇರೆ ಯಾವುದೋ ಹಾಡಿನಲ್ಲೂ ಹೀಗೇ ಕೂರಬಲ್ಲದೇ? ಕೊನೆಯದಕ್ಕೆ ಹೌದು ಎಂಬ ಉತ್ತರ ಬಂದರೆ ಸಾಲು ಹೋಗಲಿ. ‘ನೀಲಿ ಬಾನು’, ‘ಹೃದಯದ ದೀಪ’, ‘ಭಾವದ ಅಲೆ’ಗಳು ಎಲ್ಲ ಹಾಡಿಗೂ ಕೂರುತ್ತವೆ, ಯಾವುದಕ್ಕೂ ಸೇರುವುದಿಲ್ಲ.

ಕತ್ತರಿಯ ನಂತರ ಹಾಡನ್ನು ಕೆಲವು ದಿನ ಮುಟ್ಟದೆ ಇಡಿ. ಮತ್ತೆ ತೆಗೆದಾಗ ನೋಡದೆ ಹಾಡಲು ಪ್ರಯತ್ನಿಸಿ. ನೆನಪಿಗೆ ಬಾರದ ಸಾಲುಗಳು ದುರ್ಬಲ ಸಾಲುಗಳು. ಎಷ್ಟೋ ಸಲ ನೆನಪು ತಪ್ಪಾಗಿ ಹಾಡಿದ್ದೇ ಬರೆದದ್ದಕ್ಕಿಂತ ಚೆನ್ನಾಗಿರುತ್ತದೆ. ಹಾಗಾದರೆ ಅದನ್ನೇ ಇಟ್ಟುಕೊಳ್ಳಿ.

ಕೊನೆಯ ಪರೀಕ್ಷೆ

ನಿಮ್ಮ ಹಾಡನ್ನು ನೀವೇ ಹಾಡಿ ತೋರಿಸಿದರೆ ತಪ್ಪು ಮುಚ್ಚಿಹೋಗುತ್ತದೆ. ಎಡವುವ ಜಾಗ ನಿಮಗೆ ಗೊತ್ತು, ಅಲ್ಲಿ ನೀವು ಜಾಗರೂಕರಾಗುತ್ತೀರಿ. ಸಾಹಿತ್ಯವನ್ನು ಇನ್ನೊಬ್ಬರ ಕೈಗೆ ಕೊಟ್ಟು, ಒಂದೇ ಸಲ ಹಾಡಿ ಕೇಳಿಸಿ, ಅವರಿಂದ ಹಾಡಿಸಿ. ಅವರು ತಾವಾಗಿ ಬದಲಿಸಿ ಹಾಡಿದ ಕಡೆ ಪೆನ್ಸಿಲ್ ಗುರುತು ಹಾಕಿ. ಮಕ್ಕಳಿಂದ ಹಾಡಿಸುವುದು ಇನ್ನೂ ಒಳ್ಳೆಯದು. ಇಲ್ಲಿ ಹುಟ್ಟಿ, ಶಾಲೆಯಲ್ಲಿ ಮರಾಠಿ, ಹಿಂದಿ, ಇಂಗ್ಲಿಷ್ ಕಲಿತು, ಮನೆಯಲ್ಲಷ್ಟೇ ತುಳುವನ್ನೋ ಕನ್ನಡವನ್ನೋ ಆಡುವ ಮಗುವಿಗೆ ‘ಕೋಡಿ’ ತಿಳಿಯದಿರಬಹುದು. ಹಾಗೆಂದು ಆ ಪದವನ್ನು ತೆಗೆಯಬೇಕಿಲ್ಲ, ಒಂದು ಹೊಸ ಪದ ಹಾಡಿನ ಜೊತೆ ಸುಲಭವಾಗಿ ಒಳಗೆ ಹೋಗುತ್ತದೆ. ಆದರೆ ಒಂದು ಸಾಲಿನಲ್ಲಿ ಮೂರು ಅರಿಯದ ಪದ ಬಂದರೆ ಮಗು ಹಾಡನ್ನೇ ಬಿಟ್ಟುಬಿಡುತ್ತದೆ.

ಮುಗಿದ ಹಾಡಿಗೆ ಒಂದು ಹಾಳೆ ಮಾಡಿ: ಸಾಹಿತ್ಯ ಯಾರದು, ರಾಗಸಂಯೋಜನೆ ಯಾರದು, ತಾಳ, ಶ್ರುತಿ, ದಿನಾಂಕ. ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆಯಡಿ ಹಕ್ಕು ಹುಟ್ಟುವುದು ಕೃತಿ ರೂಪಗೊಂಡ ಕ್ಷಣದಲ್ಲೇ, ನೋಂದಣಿ ಕಡ್ಡಾಯವಲ್ಲ. ಕೃತಿಕಾರನ ಜೀವಿತಾವಧಿ ಮತ್ತು ಆಮೇಲೆ 60 ವರ್ಷ ಅದು ಉಳಿಯುತ್ತದೆ. ಸಾಹಿತ್ಯಕ್ಕೊಂದು, ಸಂಗೀತಕ್ಕೊಂದು, ಧ್ವನಿಮುದ್ರಣಕ್ಕೊಂದು, ಹೀಗೆ ಹಕ್ಕು ಬೇರೆ ಬೇರೆ. 2012ರ ತಿದ್ದುಪಡಿಯಿಂದ ಗೀತರಚನೆಕಾರರಿಗೂ ಸಂಯೋಜಕರಿಗೂ ರಾಯಧನದಲ್ಲಿ ಬಿಟ್ಟುಕೊಡಲಾಗದ ಪಾಲು ಸಿಕ್ಕಿತು. ಆ ಹಣವನ್ನು ಸಂಗ್ರಹಿಸಿ ಹಂಚುವ ಸಂಸ್ಥೆ ಐಪಿಆರ್‌ಎಸ್ 1969ರಿಂದ ಇದೆ. ಇದರ ಇನ್ನೊಂದು ಮುಖವನ್ನೂ ನೆನಪಿಡಬೇಕು. ಸಿನಿಮಾದ ರಾಗಕ್ಕೆ ನಿಮ್ಮ ಮಾತು ಹಾಕಿ ಅಭ್ಯಾಸ ಮಾಡಬಹುದು, ಅದನ್ನು ಯೂಟ್ಯೂಬಿಗೆ ಹಾಕಲು ಅನುಮತಿ ಬೇಕು. ಜಾನಪದ ಧಾಟಿಗಳು, ದಾಸರ ಪದಗಳು ಎಲ್ಲರವು. ಆದರೆ ಒಬ್ಬ ಸಂಯೋಜಕರು ದಾಸರ ಪದಕ್ಕೆ ಹೊಸದಾಗಿ ಹಾಕಿದ ರಾಗ ಅವರದು.

ಎಲ್ಲಕ್ಕೂ ಮೇಲೆ ನಾನು ಕೇಳಿಕೊಳ್ಳುವುದು ಸಂಘ, ಮಂಡಳಿಗಳನ್ನು ನಡೆಸುವವರನ್ನು. ವಾರ್ಷಿಕೋತ್ಸವದಲ್ಲಿ ಹತ್ತು ಹಾಡು ಹಾಡಿಸುವಲ್ಲಿ ಒಂದನ್ನು ಇಲ್ಲಿಯೇ ಕಟ್ಟಿದ ಹೊಸ ಹಾಡಿಗೆ ಮೀಸಲಿಡಿ. ಬರೆಯುವವರನ್ನು, ರಾಗ ಹಾಕುವವರನ್ನು, ಹಾಡುವವರನ್ನು ಎರಡು ತಿಂಗಳು ಮುಂಚೆ ಒಂದೆಡೆ ಕೂರಿಸಿ. ಮೊದಲ ವರ್ಷ ಹಾಡು ಸಾಧಾರಣವಾಗಿ ಬಂದೀತು, ಬರಲಿ. ಊರಿನ ಹೊಳೆ, ಊರಿನ ಮಳೆ, ಊರಿನ ದೇವಸ್ಥಾನದ ಹಾಡುಗಳನ್ನು ನಮ್ಮ ಹಿರಿಯರು ಅಲ್ಲಿ ಬದುಕುತ್ತಲೇ ಕಟ್ಟಿದರು. ದಹಿಸರ್‌ನಲ್ಲಿ ಬದುಕುತ್ತಿರುವ ನಾವು ದಹಿಸರಿನ ಹಾಡು ಕಟ್ಟಿದರೆ ಮಾತ್ರ, ನಮ್ಮ ಮಕ್ಕಳಿಗೆ ಕನ್ನಡ ತಾವು ಕಾಣುತ್ತಿರುವ ಜಗತ್ತಿನ ಭಾಷೆಯಾಗುತ್ತದೆ. ಇಂದು ನಿಮ್ಮ ಫೋನಿನಲ್ಲಿರುವ ಆ ನಾಲ್ಕು ಸಾಲನ್ನು ತೆಗೆದು ಮಾತ್ರೆ ಎಣಿಸಿ. ಹಾಡು ಅಲ್ಲಿಂದ ಮುಂದಕ್ಕೆ ಹೋಗುತ್ತದೆ.